ಕಂಬಿ ಹಿಡಿಯದ ಹುಡುಗಿ

ಬೆನ್ನಿಗೆ ಬಿಲ್ಲು-ಬಾಣದ ಚೀಲ ಹಾಕಿಕೊಂಡಿದ್ದ ಹನ್ನೆರಡು ವರ್ಷದ ಹುಡುಗಿ ತುಂಬಿದ ಬಸ್ಸಿನ ನಡುವೆ ಏನನ್ನೂ ಹಿಡಿಯದೆ, ಎರಡೂ ಕೈ ಕಟ್ಟಿ ನಿಂತಿದ್ದಳು. ಕಂಡಕ್ಟರ್‌ಗೆ ರೇಗಿತು.

"ಕಂಬಿ ಹಿಡ್ಕೊಳಮ್ಮ."

"ಹಿಡ್ಕೊಳಂಗಿಲ್ಲ ಅಣ್ಣ. ನಮ್ ಸರ್ ಬೈತಾರೆ."

"ಯಾಕೆ?"

"ಹೊಟ್ಟೆ, ಸೊಂಟ ಗಟ್ಟಿಯಾಗ್ಬೇಕಂತೆ. ಮೈ ಅಲ್ಲಾಡಿದ್ರೆ ಬಾಣ ಪಕ್ಕದೋರ ಬೋರ್ಡಿಗೆ ಹೋಗತ್ತೆ. ಬಸ್ಸಲ್ಲಿ ಕಂಬಿ ಮುಟ್ಟಿದೋರಿಗೆ ಭಾನುವಾರದ ಸೆಲೆಕ್ಷನ್ ಇಲ್ಲ ಅಂದಿದಾರೆ."

"ಬಿದ್ದು ಹಲ್ಲು ಮುರ್ಕೊಂಡ್ರೆ ನಿಮ್ ಸರ್ ಕಟ್ಟಿಸ್ಕೊಡ್ತಾರಾ? ಹಿಡ್ಕೊ, ಇಲ್ಲಾ ಮುಂದಿನ ಸ್ಟಾಪಲ್ಲಿ ಇಳಿ."

"ಅವಳ ಪಾಡಿಗೆ ಬಿಡ್ರಿ, ಬೀಳಲ್ಲ," ಎಂದರು ಹಿಂದೆ ನಿಂತಿದ್ದ ದಪ್ಪ ಮೀಸೆಯವರು. ಅವರು ಮಾತ್ರ ಕಂಬಿಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡಿದ್ದರು.

ಅಷ್ಟರಲ್ಲಿ ರಸ್ತೆಗೆ ಎಮ್ಮೆ ಅಡ್ಡ ಬಂತು. ಡ್ರೈವರ್ ಬ್ರೇಕ್ ಒತ್ತಿದ. ನಿಂತವರೆಲ್ಲ ಒಬ್ಬರ ಮೇಲೊಬ್ಬರು ಉರುಳಿದರು. ಮೀಸೆಯವರು ತಬ್ಬಿದ್ದ ಕಂಬಿಯನ್ನೂ ಬಿಟ್ಟು ಯಾರದೋ ಟೊಮೆಟೊ ಬುಟ್ಟಿಯೊಳಗೆ ಕೂತುಬಿಟ್ಟರು. ನೆಟ್ಟಗೆ ಉಳಿದದ್ದು ಇಬ್ಬರೇ. ಒಂದು ಕೈಯಲ್ಲಿ ಟಿಕೆಟ್ಟು, ಇನ್ನೊಂದರಲ್ಲಿ ಚಿಲ್ಲರೆ ಹಿಡಿದು ಮೂವತ್ತು ವರ್ಷದಿಂದ ಓಡುವ ಬಸ್ಸಿನಲ್ಲೇ ನಿಂತು ಪಳಗಿದ್ದ ಕಂಡಕ್ಟರ್, ಮತ್ತು ಆ ಹುಡುಗಿ.

ಕಂಡಕ್ಟರ್ ಅವಳನ್ನೇ ನೋಡಿದ. ದನಿ ಮೆತ್ತಗಾಯಿತು.

"ನಿಮ್ ಸರ್ ದೊಡ್ಡೋರು ಕಣಮ್ಮ. ಅವರನ್ನ ಒಂದ್ಸಲ ನೋಡ್ಬೇಕಲ್ಲ, ಎಲ್ಲಿ ಸಿಗ್ತಾರೆ?"

ಹುಡುಗಿ ಕಟ್ಟಿದ ಕೈ ಬಿಚ್ಚದೆ ಗದ್ದ ಎತ್ತಿ ತೋರಿಸಿದಳು.

"ಟೊಮೆಟೊ ಬುಟ್ಟೀಲಿ."