ಆಜ್ಞೆ ಮೀರಿದವನು

"ಸುತ್ತಿ ಬಳಸಿ ಮಾತು ಬೇಡ. ನನ್ನ ಆಜ್ಞೆ ನಿನಗೆ ಕೇಳಿಸ್ತಾ?"

"ಕೇಳಿಸ್ತು ಸರ್."

"ಅರ್ಥ ಆಯ್ತಾ?"

"ಆಯ್ತು ಸರ್."

"ಆದರೂ ಲಾರಿ ಮುಂದೆ ತಗೊಳ್ಳಲಿಲ್ಲ."

"ಇಲ್ಲ ಸರ್."

ಕ್ಯಾಪ್ಟನ್ ಮೇಜಿನ ಕಡೆ ತಿರುಗಿದ. ಮೇಜಿನ ಹಿಂದೆ ಮೂವರು ಅಧಿಕಾರಿಗಳು, ನಡುವೆ ಕರ್ನಲ್. ಕೇಳಿದಿರಲ್ಲ ಎನ್ನುವಂತೆ ಅವರ ಮುಖ ನೋಡಿದ. ಕರ್ನಲ್ ತಲೆ ಎತ್ತದೆ ಬರೆದುಕೊಳ್ಳುತ್ತಿದ್ದರು.

ಉಗ್ರಾಣವೊಂದನ್ನು ತೆರವು ಮಾಡಿ ವಿಚಾರಣೆಯ ಕೋಣೆ ಮಾಡಿದ್ದರು. ಗೋಡೆಗೆ ಇನ್ನೂ ಗ್ರೀಸಿನ ವಾಸನೆ. ತಗಡಿನ ಮಾಡು ಕಾದು ಒಳಗೆ ಉಸಿರು ಕಟ್ಟುತ್ತಿತ್ತು. ಕ್ಯಾಪ್ಟನ್ ಬರಿತಲೆಯಲ್ಲಿದ್ದ, ಬೆವರಿಗೆ ಕೂದಲು ಹಣೆಗೆ ಅಂಟಿತ್ತು. ಬಾಗಿಲ ಬಳಿ ಇಬ್ಬರು ಕಾವಲಿನವರು ಕದಲದೆ ನಿಂತಿದ್ದರು. ಲಾರಿ ಓಡಿಸುವ ಹವಾಲ್ದಾರನಿಗೆ ಮಾತ್ರ ಕುರ್ಚಿ ಕೊಟ್ಟಿದ್ದರು. ಅವನ ಎಡಗಾಲಿಗೆ ತೊಡೆಯವರೆಗೂ ಪಟ್ಟಿ ಸುತ್ತಿತ್ತು.

ಈ ಮನುಷ್ಯನನ್ನು ಬೇರೆ ಯಾರೂ ಪ್ರಶ್ನಿಸಬೇಕಿಲ್ಲ, ನಾನೇ ಕೇಳುತ್ತೇನೆ ಎಂದು ಕ್ಯಾಪ್ಟನ್ ಬೆಳಿಗ್ಗೆಯೇ ಹಟ ಹಿಡಿದಿದ್ದ.

"ನಿನಗೆ ಬ್ರೇಕ್ ಮಾಮ ಅಂತ ಹೆಸರಂತೆ. ಯಾಕೆ?"

"ನಿಧಾನಕ್ಕೆ ಓಡಿಸ್ತೀನಿ ಅಂತ ಹುಡುಗರು ಕರೀತಾರೆ ಸರ್."

"ನಿಧಾನನೋ, ಪುಕ್ಕಲುತನನೋ?"

ಹವಾಲ್ದಾರ ಪಟ್ಟಿ ಸುತ್ತಿದ ಕಾಲನ್ನು ಸ್ವಲ್ಪ ಸರಿಸಿಕೊಂಡ.

ತಿಂಗಳ ಹಿಂದಿನ ಮಾತು. ನದಿ ಉಕ್ಕಿತ್ತು. ಆಚೆ ದಡದ ಠಾಣೆಗೆ ಮದ್ದುಗುಂಡು ತಲುಪಬೇಕಿತ್ತು. ಮುಂದಿನ ಲಾರಿ ಹವಾಲ್ದಾರನದು. ಸೇತುವೆಯ ಮುಂದೆ ನಿಲ್ಲಿಸಿ, ಇಳಿದು ಹೋಗಿ ಕಂಬಗಳ ಬುಡ ನೋಡಿ ಬಂದು, "ಆಗಲ್ಲ ಸರ್, ಪೆಟ್ಟಿಗೆ ಇಳಿಸಿ ಹೊತ್ತು ದಾಟಿಸೋಣ" ಅಂದಿದ್ದ. ಹಿಂದೆ ಹನ್ನೊಂದು ಲಾರಿ ಸಾಲುಗಟ್ಟಿದ್ದವು. ಅಷ್ಟು ಜನರ ಕಣ್ಣೆದುರು ಕೆಳಗಿನವನೊಬ್ಬ ಆಗಲ್ಲ ಅಂದದ್ದು ಕ್ಯಾಪ್ಟನ್‌ನ ನೆತ್ತಿಗೇರಿತ್ತು.

ಆ ಸಿಟ್ಟು ಈಗಲೂ ಇಳಿದಿರಲಿಲ್ಲ.

"ಆಗಲ್ಲ ಅನ್ನೋದಕ್ಕೆ ನೀನು ಯಾರು? ಇವತ್ತು ನೀನು ಅಂತೀಯ. ನಾಳೆ ಅಡುಗೆಯವನು ಅಂತಾನೆ. ನಾಡಿದ್ದು ಗುಂಡು ಹಾರಿಸು ಅಂದ್ರೆ, ಯೋಚನೆ ಮಾಡಿ ಹೇಳ್ತೀನಿ ಅಂತಾನೆ ಇನ್ನೊಬ್ಬ. ಇದು ಸೈನ್ಯನೋ ಸಂತೆಯೋ?"

"ಇಪ್ಪತ್ತೆರಡು ವರ್ಷದಲ್ಲಿ ಅವತ್ತೊಂದೇ ದಿನ ಸರ್ ನಾನು ಆಗಲ್ಲ ಅಂದಿದ್ದು."

"ಒಂದೇ ದಿನ ಸಾಕು." ಕ್ಯಾಪ್ಟನ್ ಎರಡು ಹೆಜ್ಜೆ ಮುಂದೆ ಬಂದ. "ನೀನು ಒಲ್ಲೆ ಅಂದಿದ್ದಕ್ಕೆ ಅವತ್ತು ನಿನ್ನ ಲಾರಿಯ ಸ್ಟಿಯರಿಂಗ್ ಹಿಡಿದಿದ್ದು ಯಾರು? ಹೇಳು."

ಹವಾಲ್ದಾರ ಕುರ್ಚಿಯ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡ. "ಹಾರ್ನ್, ಸರ್."

ಎರಡನೇ ಲಾರಿಯ ಚಾಲಕನಿಗೆ ಎಲ್ಲರೂ ಇಟ್ಟ ಹೆಸರು ಅದು. ಬಾಯಿ ತೆರೆದರೆ ನಾಲ್ಕು ಬೀದಿಗೆ ಕೇಳಿಸುತ್ತಿತ್ತು. ಹವಾಲ್ದಾರನನ್ನು ಅಣ್ಣಾ ಅಣ್ಣಾ ಎನ್ನುತ್ತ, ಅವನ ತಟ್ಟೆಯಿಂದಲೇ ಎತ್ತಿಕೊಂಡು ತಿನ್ನುತ್ತಿದ್ದ.

"ಅವನಿಗೆ ಓಡಿಸೋದು ಕಲಿಸಿದ್ದು ಯಾರು?"

"ನಾನೇ."

"ಅಂದರೆ ನಿನ್ನಷ್ಟು ಅನುಭವ ಅವನಿಗಿರಲಿಲ್ಲ. ನೀನೇ ಓಡಿಸಿದ್ದರೆ ಲಾರಿ ದಾಟ್ತಿತ್ತು. ನಡು ಸೇತುವೆಯಲ್ಲಿ ಅವನು ತಡವರಿಸಿದ, ಸೇತುವೆ ಕುಸೀತು, ಲಾರಿ ಸಮೇತ ಹೋದ. ನಿನ್ನ ಜಾಗದಲ್ಲಿ ಅವನು ಸತ್ತ. ಹೌದೋ ಅಲ್ವೋ?"

ಕೋಣೆಯಲ್ಲಿ ಲೇಖನಿಗಳು ನಿಂತವು.

"ನನ್ನ ಜಾಗದಲ್ಲಿ ಸತ್ತ, ಹೌದು." ಹವಾಲ್ದಾರನ ದನಿ ತಗ್ಗಿಯೇ ಇತ್ತು. "ಅವನು ಮೊದಲು ನನ್ನ ಮುಖ ನೋಡಿದ. ಬೇಡ ಅಂತ ತಲೆ ಆಡಿಸಿದೆ. ಆಮೇಲೆ ನಿಮ್ಮ ಮುಖ ನೋಡಿದ. ನಿಮ್ಮ ಕೈ ಪಿಸ್ತೂಲಿನ ಮೇಲಿತ್ತು. ಹತ್ತಿದ. ನೀರಿಗೆ ಬಿದ್ದ ಮೇಲೆ ನಾನೂ ಹಾರಿದೆ. ಬಾಗಿಲಿನ ಹಿಡಿಕೆ ಕೈಗೆ ಸಿಕ್ಕಿತ್ತು, ತೆಗೆಯೋಕಾಗಲಿಲ್ಲ."

"ಕತೆ ಬೇಡ. ತಪ್ಪು ಒಪ್ಕೋತೀಯಾ ಇಲ್ವಾ?"

"ಒಪ್ಕೋತೀನಿ. ಆಗಲ್ಲ ಅಂತ ಬಾಯಲ್ಲಿ ಹೇಳಿ ಸುಮ್ಮನಾದೆ. ಲಾರಿಯ ಕೀಲಿಕೈ ಕಿತ್ತು ನದಿಗೆ ಎಸೀಬೇಕಿತ್ತು. ಅದನ್ನ ಮಾಡಲಿಲ್ಲ. ಆ ತಪ್ಪು ಸಾಯೋವರೆಗೂ ನನ್ನದೇ."

ಕ್ಯಾಪ್ಟನ್ ಗೆದ್ದವನಂತೆ ಕೈ ಚಾಚಿ ತೋರಿಸಿದ. "ನೋಡಿ. ಪಶ್ಚಾತ್ತಾಪದ ಸುಳಿವೇ ಇಲ್ಲ. ಇಂಥವರನ್ನ ಸುಮ್ಮನೆ ಬಿಟ್ಟರೆ ನಾಳೆ ಯಾವ ಅಧಿಕಾರಿಯೂ ಬಾಯಿ ತೆರೆಯೋ ಹಾಗಿರಲ್ಲ."

ಕರ್ನಲ್ ಮೊದಲ ಸಲ ತಲೆ ಎತ್ತಿದರು.

"ಹವಾಲ್ದಾರ್, ನಾನೊಂದು ಕೇಳ್ತೀನಿ. ನೀವು ಆಗಲ್ಲ ಅಂದಾಗ ಕ್ಯಾಪ್ಟನ್ ಏನು ಮಾಡಬೇಕಿತ್ತು?"

ಹವಾಲ್ದಾರ ಎದ್ದು ನಿಲ್ಲಲು ನೋಡಿದ. ಕಾಲು ಬಿಡಲಿಲ್ಲ.

"ನನ್ನ ಸೊಂಟಪಟ್ಟಿ ಬಿಚ್ಚಿಸಿ ಕಾವಲಲ್ಲಿ ಕೂರಿಸಬೇಕಿತ್ತು ಸರ್. ನನ್ನ ಮೇಲೆ ಏನು ಬರೀಬೇಕೋ ಬರೀಬೇಕಿತ್ತು. ಅದೆಲ್ಲ ನಿಯಮ, ನಾನು ತಕರಾರು ಮಾಡ್ತಿರಲಿಲ್ಲ. ಅಷ್ಟು ಮಾಡಿ ಆದಮೇಲೆ, ಒಂದೇ ಒಂದು ಸಲ ಇಳಿದು ಹೋಗಿ ಕಂಬದ ಬುಡ ನೋಡಬೇಕಿತ್ತು."

"ಅವರು ನೋಡಿದ್ರಾ?"

"ಜೀಪಿನಿಂದ ಇಳೀಲೇ ಇಲ್ಲ ಸರ್."

"ಇವನ ಮಾತು ಕೇಳಿ ನಾನು ಇಳೀಬೇಕಿತ್ತಾ?" ಕ್ಯಾಪ್ಟನ್ ಸಿಡಿದ. "ಇವನು ನನಗೆ ಆಜ್ಞೆ ಕೊಡೋದಾ?"

ಕರ್ನಲ್ ಎಡಕ್ಕೂ ಬಲಕ್ಕೂ ನೋಡಿದರು. ಪಕ್ಕದ ಇಬ್ಬರೂ ತಲೆಯಾಡಿಸಿದರು. ಕರ್ನಲ್ ಹಾಳೆ ಮಡಚಿ, ಕಾವಲಿನವರನ್ನು ಹತ್ತಿರ ಕರೆದರು. ಅವರಲ್ಲೊಬ್ಬ ಹವಾಲ್ದಾರನ ತೋಳಿನಡಿ ಕೈ ಕೊಟ್ಟು ಎಬ್ಬಿಸಿ, ಮೆಲ್ಲಗೆ ಬಾಗಿಲು ದಾಟಿಸಿ, ಹೊರಗೆ ನೆರಳಿನ ಬೆಂಚಿನ ಮೇಲೆ ಕೂರಿಸಿ ವಾಪಸು ಬಂದ. ಇನ್ನೊಬ್ಬ ಆಗಲೇ ಕ್ಯಾಪ್ಟನ್‌ನ ಬೆನ್ನ ಹಿಂದೆ ನಿಂತಿದ್ದ.

"ಕ್ಯಾಪ್ಟನ್, ಸಾಕ್ಷಿಯನ್ನ ಪ್ರಶ್ನೆ ಮಾಡೋ ಹಕ್ಕು ಆರೋಪಿಗೆ ಇದೆ, ಅದಕ್ಕೇ ಇಷ್ಟು ಹೊತ್ತು ಸುಮ್ಮನೆ ಕೂತಿದ್ವಿ," ಎಂದರು ಕರ್ನಲ್. "ಆ ಚಾಲಕನ ಸಾವಿಗೆ ಈಗ ನೀವು ಉತ್ತರ ಹೇಳಿ."