ಅದು ನೆಗಿ ಅಲ್ಲ, ಗೇಲಿ

ದೋಣಿಗೆ ಬಳಿಯುವ ಗೇರೆಣ್ಣೆಯ ವಾಸನೆ ಬಂದರೆ ಇವತ್ತಿಗೂ ನನಗೆ ಗುಲ್ವಾಡಿ ಹೊಳೆದಂಡೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ಬೆಳಿಗ್ಗೆ ಚಿಪ್ಪು ಹೆಕ್ಕಲು ದೋಣಿಯಲ್ಲಿ ಹೋದ ಅಪ್ಪಯ್ಯ ಊಟದ ಹೊತ್ತು ಮೀರಿದರೂ ಬಂದಿರಲಿಲ್ಲ. ಗಾಳಿ ಎದ್ದಿತ್ತು. ಅಮ್ಮ ನನ್ನ ಕೈ ಹಿಡಿದುಕೊಂಡು ದಂಡೆಗೆ ಓಡಿದಳು. ಅಲ್ಲಿ ಮರದ ನೆರಳಲ್ಲಿ ಕೆಲವು ಗಂಡಸರು ಬಲೆ ಸರಿಮಾಡುತ್ತಾ ಕೂತಿದ್ದರು.

"ಹ್ವಾಯ್, ಒಬ್ರಾರೂ ಬನ್ನಿ. ಇವ್ರ್ ಇನ್ನೂ ಬರ್ಲಿಲ್ಲ."

"ಎಲ್ಲೋ ಕುಡ್ಕಂಡ್ ಮನಿಕಂಡಿರ್ತ," ಅಂದ ಒಬ್ಬ. "ಅಮಲ್ ಇಳ್ದ್ ಮೇಲೆ ಬತ್ತ ಬಿಡ್."

ಎಲ್ಲರೂ ನಕ್ಕರು. ಅಪ್ಪಯ್ಯ ಕುಡಿಯುತ್ತಿದ್ದುದು ನಿಜವೇ.

ಅಮ್ಮ ಕೈಮುಗಿದು ಇನ್ನೊಮ್ಮೆ ಕೇಳಿದಳು. ನಗು ಜೋರಾಯಿತು. ಆಗ ಅವಳು ಸೀರೆ ಎತ್ತಿ ಕಟ್ಟಿ, ಪಕ್ಕದಲ್ಲಿ ಎಣ್ಣೆ ಬಳಿದಿಟ್ಟಿದ್ದ ಸಣ್ಣ ದೋಣಿಯೊಂದನ್ನು ಒಬ್ಬಳೇ ನೀರಿಗೆ ನೂಕಿದಳು. ಹಸಿ ಎಣ್ಣೆಗೆ ಅವಳ ಅಂಗೈಯೆಲ್ಲ ಕಪ್ಪಾಯಿತು.

ಅಷ್ಟರಲ್ಲಿ ಏದುಸಿರು ಬಿಡುತ್ತಾ ಅಜ್ಜಿ ಬಂದಳು. ನಾನು ಅವಳ ಸೆರಗು ಹಿಡಿದು ಕೇಳಿದೆ, "ಅವ್ರೆಂತಕೆ ನೆಗಾಡ್ತ್ರ್?"

"ಅದ್ ನೆಗಿ ಅಲ್ಲ ಮಗಾ, ಗೇಲಿ. ನೆಗಿ ಆದ್ರೆ ನಮ್ಗೂ ನೆಗಿ ಬತ್ತಿತ್ತ್."

ಸಂಜೆ ಅಮ್ಮನ ದೋಣಿ ತಿರುಗಿ ಬಂತು. ಒಳಗೆ ಅಪ್ಪಯ್ಯ ಮಲಗಿದ್ದ. "ಅಮಲ್ ಇನ್ನೂ ಇಳೀಲಿಲ್ಯಾ?" ಎನ್ನುತ್ತಾ ಮಧ್ಯಾಹ್ನ ಗೇಲಿ ಮಾಡಿದ್ದವನು ಮರದ ಬುಡದಿಂದ ಎದ್ದು ಬಂದ; ದೋಣಿಯೊಳಗೆ ಬಗ್ಗಿ ನೋಡಿ ಅಲ್ಲೇ ನಿಂತುಬಿಟ್ಟ. ಅಪ್ಪಯ್ಯನ ಬಾಯಿತುಂಬ ಹೊಳೆಯ ಮರಳಿತ್ತು.

ಅಮ್ಮ ಹುಟ್ಟು ಕೆಳಗಿಟ್ಟಳು.

"ಕಾಲ್ ಬದಿ ಹಿಡ್ಕಣಿ," ಅಂದಳು. "ಮನಿ ವರಿಗೆ ನಂಗೊಬ್ಳಿಗೇ ಹೊರುಕೆ ಆತಿಲ್ಲ."