ಮಣ್ಣಿಲ್ಲದ ತುಳಸಿ

ಫ್ಲ್ಯಾಟಿನ ಅಡುಗೆಮನೆಯ ಪೆಟ್ಟಿಗೆಯೊಂದರಲ್ಲಿ ತುಳಸಿ ಸೊಂಪಾಗಿ ಬೆಳೆದಿತ್ತು. ಬೇರುಗಳು ಗಾಳಿಯಲ್ಲೇ ತೂಗುತ್ತಿದ್ದವು. ಹತ್ತು ನಿಮಿಷಕ್ಕೊಮ್ಮೆ ಯಂತ್ರ ಅವುಗಳ ಮೇಲೆ ಮಂಜಿನಂತೆ ನೀರು ಸಿಂಪಡಿಸುತ್ತಿತ್ತು.

ಊರಿಂದ ಬಂದಿದ್ದ ಅತ್ತೆ ಪೂಜೆ ಮುಗಿಸಿ, ಹಣೆಗಿಟ್ಟುಕೊಳ್ಳುವ ಮಣ್ಣಿಗಾಗಿ ಬುಡಕ್ಕೆ ಬೆರಳು ಹಾಕಿದರು. ಬೆರಳು ಒದ್ದೆಯಾಯಿತಷ್ಟೆ.

"ಇದರ ಮಣ್ಣೆಲ್ಲೇ?"

"ಇದಕ್ಕೆ ಮಣ್ಣೇ ಬೇಡ ಅತ್ತೆ," ಎಂದಳು ಸೊಸೆ.

"ಅದಕ್ಕೆ ಬೇಡ. ನನಗೆ ಬೇಕಲ್ಲ? ಮೃತ್ತಿಕೆ ಹಚ್ಚಿಕೊಳ್ಳದೆ ನಾನು ಒಂದು ತೊಟ್ಟು ಕಾಫೀನೂ ಕುಡಿಯೋಳಲ್ಲ."

ಸೊಸೆ ಒಂಬತ್ತು ಮಹಡಿ ಇಳಿದು ಕಾಂಪೌಂಡೆಲ್ಲ ಹುಡುಕಿದಳು. ಎಲ್ಲೆಲ್ಲೂ ಟೈಲ್ಸ್. ಬರಿಗೈಯಲ್ಲಿ ವಾಪಸು ಬಂದಾಗ ಅತ್ತೆ ಹಣೆತುಂಬ ಮೃತ್ತಿಕೆ ಹಚ್ಚಿಕೊಂಡು ಕಾಫಿ ಕುಡಿಯುತ್ತಿದ್ದರು.

"ಮಣ್ಣು ಎಲ್ಲಿ ಸಿಕ್ತು ಅತ್ತೆ?"

"ಬುಟ್ಟೀಲಿದ್ದ ಆಲೂಗಡ್ಡೆ ಎಲ್ಲಾ ತೊಳೆದಿಟ್ಟಿದೀನಿ. ಹುಳಿ ಮಾಡು."